ಅಳತೆ ಅದೇ, ಮೋಟರ್ ಯಾಕೆ ಸುಟ್ಟಿತು?

ಪ್ರಶ್ನೆ: ಅಣ್ಣಾ, ನಮ್ಮ ಮಾವಿನ ತೋಟದಲ್ಲಿ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್) ಬೋರ್‌ವೆಲ್‌ಗೆ 300 ಮೀಟರ್ ದೂರ. 6 ಸ್ಕ್ವೇರ್ ಎಂ.ಎಂ. ತಾಮ್ರದ ಕೇಬಲ್ ಇತ್ತು, ಕಳ್ಳರು ಕತ್ತರಿಸಿಕೊಂಡು ಹೋದರು. ಅದೇ ಅಳತೆಯ ಅಲ್ಯೂಮಿನಿಯಂ ಎಳೆಸಿದೆ. ಎರಡೇ ತಿಂಗಳಿಗೆ 7.5 ಎಚ್‌.ಪಿ. ಮೋಟರ್ ಸುಟ್ಟಿತು. ತಪ್ಪು ಕೇಬಲ್‌ದಾ? ಇನ್ನೊಂದು, ಚಿನ್ನದಲ್ಲಿ ಕರೆಂಟ್ ಎಲ್ಲಕ್ಕಿಂತ ಚೆನ್ನಾಗಿ ಹರಿಯುತ್ತೆ ಅಂತಾರೆ, ನಿಜವಾ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಚಿನ್ನದ ಮಾತು ಮೊದಲು ಮುಗಿಸೋಣ. ಬೆಳ್ಳಿ ಮೊದಲು, ತಾಮ್ರ ಅದರ ಬೆನ್ನಿಗೇ, ಚಿನ್ನ ಮೂರನೆಯದು. ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್, ಅಂದ್ರೆ ಕರೆಂಟನ್ನು ತಡೆಯೋ ಗುಣ, ಸುಮಾರು ಶೇ. 40 ಜಾಸ್ತಿ. ಆದರೆ ತುಕ್ಕು ಹಿಡಿಯಲ್ಲ, ಅದಕ್ಕೇ ಸಿಮ್ ಕಾರ್ಡಿನ ಮೇಲೆ ತೆಳ್ಳಗೆ ಬಳಿದಿರುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದದ್ದು ಚಿನ್ನ ತೆಗೆಯೋದಕ್ಕೆ, ಚಿನ್ನದ ತಂತಿಯಲ್ಲಂತೂ ಅಲ್ಲ!

ಈಗ ನಿಮ್ಮ ಮೋಟರ್. ಕೋಲಾರದಲ್ಲಿ 30 ವರ್ಷದಿಂದ ರೀವೈಂಡಿಂಗ್, ಅಂದ್ರೆ ಸುಟ್ಟ ಮೋಟರ್‌ಗೆ ಹೊಸ ವೈರ್ ಸುತ್ತೋ ಕೆಲಸ, ಮಾಡ್ತಿದ್ದೇನೆ. ಸುಟ್ಟ ಮೋಟರ್ ಬಿಚ್ಚಿದರೆ ವೈರಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿರುತ್ತೆ. ಎಲ್ಲರೂ ಮೋಟರ್ ಕಂಪನಿಯನ್ನೇ ಬೈತಾರೆ. ನಾನು ಮೊದಲು ಕೇಳೋದು ಕೇಬಲ್ ಎಷ್ಟುದ್ದ ಅಂತ.

ಅಲ್ಯೂಮಿನಿಯಂನ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. 15 ಆಂಪಿಯರ್ ಓಡಿದರೆ 300 ಮೀಟರ್ ತಾಮ್ರದಲ್ಲಿ ಸುಮಾರು 22 ವೋಲ್ಟ್ ಬೀಳುತ್ತಿತ್ತು. ಈಗ 36 ವೋಲ್ಟ್. ಕೊಳವೆಯೊಳಗೆ ಇಳಿದಿರುವ ಕೇಬಲ್‌ನಲ್ಲಿ ಇನ್ನಷ್ಟು ಬೀಳುತ್ತೆ. ನಮ್ಮ ಕಡೆ ಬರೋ ಕರೆಂಟೇ ಎಷ್ಟೋ ಸಲ 380 ವೋಲ್ಟ್ ಮುಟ್ಟಲ್ಲ, ಅಲ್ವಾ? ವೋಲ್ಟೇಜ್ ಇಳಿದರೂ ಎತ್ತಬೇಕಾದ ನೀರು ಅಷ್ಟೇ. ಆಗ ಮೋಟರ್ ಆಂಪಿಯರ್ ಜಾಸ್ತಿ ಎಳೆಯುತ್ತೆ, ಕಾಯಿಲ್ ಕಾಯುತ್ತೆ. ಸ್ಟಾರ್ಟ್ ಆಗುವಾಗಂತೂ ವೋಲ್ಟೇಜ್ ಶೇ. 10 ಇಳಿದರೆ ತಿರುಗಿಸೋ ಬಲ ಶೇ. 19 ಇಳಿದುಹೋಗುತ್ತೆ. ಹೂಂ ಅಂತ ಗೊಣಗಿಕೊಂಡು ನಿಂತಿರುತ್ತಲ್ಲ, ಅದೇ.

ಅಲ್ಯೂಮಿನಿಯಂ ಕೆಟ್ಟದ್ದು ಅಂತ ಹೇಳ್ತಿಲ್ಲ. 10 ಸ್ಕ್ವೇರ್ ಹಾಕಿದ್ದರೆ 6ರ ತಾಮ್ರಕ್ಕೆ ಸರಿಸಮ ಆಗ್ತಿತ್ತು. ಆಗಲೂ ಲೋಹದ ತೂಕ ಅರ್ಧವೇ. ನಾನಾಗಿದ್ದರೆ 16ನ್ನೇ ಎಳೆಸ್ತಿದ್ದೆ. ಕಳ್ಳರಿಗೂ ಅದರ ಮೇಲೆ ಅಷ್ಟು ಆಸೆ ಇರಲ್ಲ.

ನನಗೆ ಇನ್ನೂ ಅನುಮಾನ ಇರೋದು ಜಾಯಿಂಟ್ ಮೇಲೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ಮೇಲೆ ತೆಳ್ಳನೆ ಪೊರೆ ಕಟ್ಟುತ್ತೆ. ಆ ಪೊರೆಯಲ್ಲಿ ಕರೆಂಟ್ ಹರಿಯಲ್ಲ. ಅದನ್ನ ಮೋಟರ್ ಕಡೆಯ ತಾಮ್ರದ ತಂತಿಗೆ ಸುಮ್ನೆ ಸುತ್ತಿ ಟೇಪ್ ಹಾಕಿದರೆ, ಒಂದು ಮಳೆ ಬಂದರೆ ಸಾಕು, ಒಳಗೇ ಕೊರೆದುಕೊಳ್ಳುತ್ತೆ. ಜಾಯಿಂಟ್ ಕಾದು ಸಡಿಲವಾಗಿ ಒಂದು ಫೇಸ್ ಹೋದರೆ ಮೋಟರ್ ಕಥೆ ಮುಗೀತು. ಇಂಥ ಕಡೆ ಬೈಮೆಟಾಲಿಕ್ ಲಗ್ (ಒಂದು ತುದಿ ತಾಮ್ರ, ಇನ್ನೊಂದು ಅಲ್ಯೂಮಿನಿಯಂ ಇರೋ ಜೋಡಣೆ ತುಂಡು) ಹಾಕಿಸಿ, ಗಟ್ಟಿಯಾಗಿ ಒತ್ತಿ ಕ್ರಿಂಪ್ ಮಾಡಿಸಿ. ಮೋಟರ್ ಎತ್ತಿ ಇಳಿಸೋ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮೋಟರ್ ರಿಪೇರಿಗೆ ಒಯ್ಯುವಾಗ ಆ ಜಾಯಿಂಟ್ ತುಂಡನ್ನೂ ಕತ್ತರಿಸಿ ಜೊತೆಗೆ ತಗೊಂಡು ಹೋಗಿ. ಟೇಪ್ ಕಪ್ಪಾಗಿ ಗರಿಗರಿ ಆಗಿದ್ದರೆ ಮೋಟರ್ ಬಿಚ್ಚೋ ಮೊದಲೇ ಕಾರಣ ಸಿಕ್ಕಿತು ಅನ್ನಿ.