ಎಷ್ಟು ಸಲ ಬಿತ್ತಿದಿರಿ ಅಂತ ಕೇಳಿ

ನಮಸ್ಕಾರ.

ಹವಾಮಾನ ಬದಲಾಗಿ ತಮ್ಮ ಬದುಕಿಗೆ ಏನಾಗಿದೆ ಎಂದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ರೈತರಿಗೆ ಅನಿಸುತ್ತದೋ, ಅದನ್ನು ಅಳೆಯಲು ಹೊರಟ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ತೊಂದರೆ ಇರುವುದು ನಿಮ್ಮ ಪ್ರಶ್ನೆಯಲ್ಲೇ. ‘ಹವಾಮಾನ ಬದಲಾವಣೆಯಿಂದ ನಿಮ್ಮ ಜೀವನೋಪಾಯದ ಭದ್ರತೆಗೆ ಧಕ್ಕೆಯಾಗಿದೆಯೇ? 1ರಿಂದ 5ರೊಳಗೆ ಅಂಕ ಕೊಡಿ’ ಎಂದು ಕೇಳಿದ್ದೀರಿ. ಕಾರಣವನ್ನೂ ನೀವೇ ಹೇಳಿ, ಪರಿಣಾಮವನ್ನೂ ನೀವೇ ಹೇಳಿದ ಮೇಲೆ ರೈತರಿಗೆ ಉಳಿಯುವುದು ಹೂಂ ಅನ್ನುವುದು ಮಾತ್ರ. ಮನೆಗೆ ಬಂದವರ ಮಾತು ತೆಗೆದುಹಾಕಬಾರದು ಅಂತಲೂ ಹೂಂ ಅಂದಿರುತ್ತಾರೆ. ಮನೋವಿಜ್ಞಾನಿ ಲೈಕರ್ಟ್ 1932ರಲ್ಲಿ ಕೊಟ್ಟ, ಅಂಕ ಹಾಕಿಸುವ ಈ ಅಳತೆ ಕೆಟ್ಟದ್ದಲ್ಲ. ಆದರೆ ಅವರು ಒಂದೇ ವಿಷಯದ ಮೇಲೆ ಹಲವು ಹೇಳಿಕೆ ಇಟ್ಟು ಅಂಕ ಕೂಡಿಸಿದರು. ಒಂದೇ ಪ್ರಶ್ನೆಯ ಮೇಲೆ ಇಷ್ಟು ಭಾರ ಹೇರಲಿಲ್ಲ.

ಏಳನೇ ಪುಟದಲ್ಲಿ ಒಬ್ಬ ಅಜ್ಜಿ ಇದ್ದಾರೆ. ‘ಮಿರಗಕ್ಕ ಹೆಸರು ಬಿತ್ತತಿದ್ವಿ. ಈಗ ಎರಡೆರಡು ಸಲ ಬಿತ್ತೂದಾಗೇತಿ. ಎರಡನೇ ಸಲದ ಬೀಜ ಉದ್ರಿ ತಂದದ್ದು.’ ಇದನ್ನು ಬರೆದು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಲ್ಲ! ನೀವು ಹುಡುಕುತ್ತಿರುವ ಅಳತೆ ಅಲ್ಲೇ ಇದೆ. ಅಜ್ಜಿ ಹೇಳುವ ಮಿರಗ, ಅಂದರೆ ಮೃಗಶಿರಾ, ಅಂಥ ಒಂದೊಂದು ಮಳೆ ನಕ್ಷತ್ರಕ್ಕೆ 13-14 ದಿನ. ಆ ಲೆಕ್ಕದಲ್ಲಿ ಕೇಳಿದರೆ ರೈತರಿಗೆ ಚೆನ್ನಾಗಿ ನೆನಪಿರುತ್ತದೆ. ಹೋದ ಐದು ವರ್ಷದಲ್ಲಿ ಎಷ್ಟು ಸಲ ಮತ್ತೆ ಬಿತ್ತಿದಿರಿ? ಹೆಸರು ಕೀಳುವ ಹೊತ್ತಿಗೆ ಮಳೆ ಹಿಡಿದು ಕಾಯಿ ಮೊಳಕೆ ಒಡೆಯಿತಾ? ಎತ್ತು ಮಾರಿದಿರಾ? ಗೋವಾಕ್ಕೋ ಮಂಗಳೂರಿಗೋ ದುಡಿಯಲು ಯಾರು ಹೋದರು, ಯಾವ ತಿಂಗಳು? ಹೆಣ್ಣುಮಕ್ಕಳನ್ನು ಬೇರೆ ಕೂರಿಸಿ ಕೇಳಿ. ಒಡವೆ ಅಡವಿಟ್ಟ ಲೆಕ್ಕ ಅವರ ಹತ್ತಿರ ಇರುತ್ತದೆ.

ಇನ್ನೊಂದು ಮಾತು. ನೀವು ಊರೂರು ತಿರುಗಿದ್ದು 2023ರ ಬರದ ಬೆನ್ನಿಗೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಅಂಥ ವರ್ಷದ ನೆನಪು ಹಿಂದಿನ ಒಳ್ಳೆಯ ವರ್ಷಗಳನ್ನೂ ಮುಚ್ಚಿಬಿಡುತ್ತದೆ, ಅಲ್ವಾ? ಅದಕ್ಕೇ ಹೋಬಳಿಯ ಮಳೆ ದಾಖಲೆಯನ್ನು ಪಕ್ಕದಲ್ಲಿಡಿ. ಎರಡೂ ಹೊಂದದಿದ್ದರೆ ರೈತರು ತಪ್ಪು ಅಂತ ಬರೆಯಲು ಹೋಗಬೇಡಿ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದು, ನಡುವೆ ಮಳೆಯಿಲ್ಲದ ದಿನಗಳು ಜಾಸ್ತಿಯಾಗಿರಬಹುದು. ಪೈರು ಒಣಗುವುದು ಆ ದಿನಗಳಲ್ಲೇ. ಹೆಸರಿನ ದರ ಬಿದ್ದದ್ದನ್ನು ಮಾತ್ರ ಹವಾಮಾನದ ಲೆಕ್ಕದಿಂದ ತೆಗೆಯಿರಿ.

ಆ ಅಜ್ಜಿಯ ಮನೆಗೆ ಇನ್ನೊಮ್ಮೆ ಹೋಗಿ. ಎರಡನೇ ಸಲದ ಬೀಜದ ಉದ್ರಿ ತೀರಿತಾ ಕೇಳಿ. ಲೇಖನ ಅಲ್ಲಿಂದ ಶುರುವಾಗಲಿ. ಹಿಂಗಾರಿ ಬಿತ್ತನೆ ಹೊತ್ತಿಗೆ ಕಳಿಸಿದರೆ ಸಾಕು, ಕಾಯುತ್ತೇನೆ.