ಆಕ್ಸಿಮೀಟರ್ 97 ತೋರಿಸುತ್ತಿದೆ, ಆದರೂ ಅಮ್ಮನಿಗೆ ಏದುಸಿರು. ಹಬ್ಬದವರೆಗೆ ಕಾಯಬಹುದಾ?

ನೀವು ಬರೆದಿರುವುದು ಇಷ್ಟು: ಶಿಡ್ಲಘಟ್ಟದಲ್ಲಿರುವ ಅಮ್ಮನಿಗೆ 56 ವರ್ಷ, ಸಕ್ಕರೆ ಕಾಯಿಲೆ ಇದೆ, ಕೆಲವು ವರ್ಷಗಳ ಹಿಂದಿನವರೆಗೂ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ದುಡಿದವರು. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಈಗೀಗ ಮಲಗಲು ಎರಡು ದಿಂಬು ಬೇಕು. ಆಕ್ಸಿಮೀಟರಿನಲ್ಲಿ 97 ಬಂದಿದೆ, ಮನೆಯವರು ಗ್ಯಾಸ್ ಅನ್ನುತ್ತಾರೆ. ನೀವು ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗ ತೋರಿಸಿದರೆ ಸಾಕಾ ಅಂತ ಪ್ರಶ್ನೆ.

ಸಾಲದು. ನಾಳೆಯೇ ಯಾರಾದರೂ ಕರೆದುಕೊಂಡು ಹೋಗಲಿ. ನಾನು ಡಾಕ್ಟರಲ್ಲ, ಇದೇ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ಬಂದವರಲ್ಲಿ ಯಾರನ್ನು ಬೆಂಚಿನ ಮೇಲೆ ಕೂರಿಸಬಹುದು, ಯಾರನ್ನು ಚೀಟಿ ಮಾಡಿಸುವ ಮೊದಲೇ ಒಳಗೆ ಕರೆಯಬೇಕು ಅಂತ ನೋಡಿ ನೋಡಿ ಕಣ್ಣು ಪಳಗಿದೆ, ಅಷ್ಟೇ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಎರಡನೇ ದಿಂಬು. ಹೃದಯದ ಪಂಪು ಸೊರಗಿದವರಿಗೆ ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಸೇರಿ ಎದೆಯ ಕಡೆ ಬರುತ್ತದೆ. ಬಂದಷ್ಟನ್ನೂ ಮುಂದಕ್ಕೆ ತಳ್ಳುವ ಶಕ್ತಿ ಹೃದಯದ ಎಡಭಾಗಕ್ಕೆ ಇಲ್ಲದಿದ್ದರೆ ಶ್ವಾಸಕೋಶದಲ್ಲಿ ಒತ್ತಡ ಏರಿ ಅಲ್ಲಿ ನೀರು ಜಿನುಗುತ್ತದೆ. ಎದ್ದು ಕೂತರೆ ಹಗುರ ಅನ್ನಿಸುತ್ತದೆ. ಅದಕ್ಕೇ ದಿಂಬು ಒಂದರಿಂದ ಎರಡಾಗುತ್ತದೆ, ಎರಡು ಮೂರಾಗುತ್ತದೆ, ಕಡೆಗೆ ಗೋಡೆಗೆ ಒರಗಿಯೇ ನಿದ್ದೆ. ಇವತ್ತು ರಾತ್ರಿ ಫೋನ್ ಮಾಡಿ ಕೇಳಿ: ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎಚ್ಚರ ಆಗುತ್ತದಾ? ಎದ್ದು ಕಿಟಕಿ ಹತ್ತಿರ ಹೋಗುತ್ತಾರಾ? ಸಂಜೆ ಹೊತ್ತಿಗೆ ಮೊಣಕಾಲ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ಗುಳಿ ಉಳಿಯುತ್ತದಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ನಾಳೆ ಅನ್ನುವುದನ್ನು ನಾಡಿದ್ದು ಮಾಡಬೇಡಿ. ಹಾಗೆ ಎಚ್ಚರವಾದ ಮೇಲೆ ಎದ್ದು ಕೂತರೂ ಉಸಿರು ತಹಬಂದಿಗೆ ಬರದಿದ್ದರೆ ಬೆಳಕು ಹರಿಯುವವರೆಗೂ ಕಾಯುವಂತಿಲ್ಲ.

ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆಯೇ. ನರಗಳು ಮಂಕಾಗಿರುವುದರಿಂದ ಹೃದಯಾಘಾತದಲ್ಲೂ ಎದೆನೋವು ಬಾರದೇ ಇರಬಹುದು. ಬರೀ ಏದುಸಿರು, ಬೆವರು, ಸುಸ್ತು, ವಾಕರಿಕೆ. ಹೆಂಗಸರಲ್ಲಿ ಇದು ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ.

ಇನ್ನು ಆ 97. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಅನ್ನುವುದನ್ನಷ್ಟೇ ಆಕ್ಸಿಮೀಟರ್ ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಅನ್ನುವುದನ್ನಲ್ಲ. ರಕ್ತ ಕಡಿಮೆಯಾಗಿ ಹಿಮೋಗ್ಲೋಬಿನ್ 6ಕ್ಕೆ ಇಳಿದ ಹೆಂಗಸಿಗೂ ಅದು 98 ತೋರಿಸುತ್ತದೆ. ಆಕೆ ಮಾತ್ರ ಬಿಂದಿಗೆ ಎತ್ತಲಾರಳು. ಹೃದಯದ ತೊಂದರೆಯ ಶುರುವಿನಲ್ಲೂ ಹಾಗೆಯೇ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಲೆಕ್ಕ ತಪ್ಪುವುದೂ ಉಂಟು. ಅಂಕಿ ಕಡಿಮೆ ಬಂದರೆ ನಂಬಿ: 94ಕ್ಕಿಂತ ಕೆಳಗೇ ನಿಂತರೆ ಅದೇ ದಿನ ಆಸ್ಪತ್ರೆ, 90ಕ್ಕೆ ಇಳಿದರೆ ಆಂಬುಲೆನ್ಸ್. (ಬೀಡಿ, ಹೊಗೆಯಿಂದ ಶ್ವಾಸಕೋಶ ಹಾಳಾದ ಕೆಲವರಿಗೆ ಡಾಕ್ಟರೇ ಇದಕ್ಕಿಂತ ಕಡಿಮೆ ಮಟ್ಟ ಹೇಳಿರುತ್ತಾರೆ, ಅವರದು ಬೇರೆ.) ಅಂಕಿ ಚೆನ್ನಾಗಿ ಬಂತು ಅಂತ ಮಾತ್ರ ನಿಶ್ಚಿಂತರಾಗಬೇಡಿ.

ನನಗೆ ಆ ಯಂತ್ರಕ್ಕಿಂತ ಮಾತಿನ ಮೇಲೆ ನಂಬಿಕೆ ಜಾಸ್ತಿ. ಫೋನಿನಲ್ಲಿ "ಬೆಳಿಗ್ಗೆಯಿಂದ ಏನೇನು ಮಾಡಿದೆ ಹೇಳಮ್ಮ" ಅನ್ನಿ, ಸುಮ್ಮನೆ ಕೇಳಿಸಿಕೊಳ್ಳಿ. ಒಂದು ಮಾತು ಪೂರ್ತಿ ಮಾಡಲು ಎರಡು ಮೂರು ಸಲ ಉಸಿರು ಎಳೆದುಕೊಂಡರೆ ಪಕ್ಕದ ಮನೆಯವರನ್ನಾದರೂ ಎಬ್ಬಿಸಿ ಕಳಿಸಿ. ಮನೆಯಲ್ಲಿರುವವರು ಉಸಿರನ್ನೂ ಎಣಿಸಲಿ, ಅಮ್ಮನಿಗೆ ಹೇಳದೆ, ಅವರು ಟಿವಿ ನೋಡುತ್ತಾ ಕೂತಿರುವಾಗ, ಪೂರ್ತಿ ಒಂದು ನಿಮಿಷ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಯಾರ ಉಸಿರೂ ಮೊದಲಿನಂತೆ ಇರುವುದಿಲ್ಲ. ದೊಡ್ಡವರಿಗೆ ಸುಮ್ಮನೆ ಕೂತಾಗ 12ರಿಂದ 20 ಸರಿ. 25 ದಾಟಿದರೆ ಅವತ್ತೇ ತೋರಿಸಿ, 30 ಅಂದರೆ ತುರ್ತು.

ಗ್ಯಾಸ್ ಬಗ್ಗೆ ಒಂದು ಮಾತು. ನಮ್ಮ ಕಡೆ ಗಂಟಲಿನಿಂದ ಹೊಕ್ಕುಳವರೆಗೆ ಎಲ್ಲಿ ಏನಾದರೂ ಗ್ಯಾಸೇ. ಊಟದ ಲೆಕ್ಕಕ್ಕೆ ಬಂದು ಹೋಗುವುದನ್ನು ಬೇಕಾದರೆ ಹಾಗನ್ನಿ. ಮೆಟ್ಟಿಲ ಲೆಕ್ಕಕ್ಕೆ ಬಂದು, ನಿಂತರೆ ಇಳಿಯುವುದನ್ನು ಅನ್ನಬೇಡಿ. ಇದಕ್ಕಿಂತ ನನಗೆ ಭಯ ಆಗುವುದು "ಸುಸ್ತು ಅಂತಾರೆ, ಒಂದು ಗ್ಲೂಕೋಸ್ ಬಾಟಲಿ ಹಾಕಿಬಿಡಿ" ಅನ್ನುವ ಒತ್ತಾಯ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವವರಿಗೆ ಮೇಲಿಂದ ಅರ್ಧ ಲೀಟರ್ ನೀರು ಏರಿಸಿದರೆ ಏನಾಗುತ್ತದೆ, ನೀವೇ ಯೋಚಿಸಿ.

ನೂಲು ಬಿಚ್ಚಾಣಿಕೆ ಕೆಲಸದ ವಿಷಯ ಡಾಕ್ಟರಿಗೆ ಖಂಡಿತ ಹೇಳಿ. ಗೂಡು ಬೇಯಿಸುವ ಆವಿ, ರೇಷ್ಮೆಯ ಅಂಟು, ಹುಳುವಿನ ಪುಡಿ ಇವುಗಳಿಂದ ಉಬ್ಬಸ ಬರುವುದು ಗೊತ್ತಿರುವ ವಿಷಯ. ಸೌದೆ ಒಲೆಯ ಹೊಗೆಯೂ ಕಡಿಮೆಯದ್ದಲ್ಲ. ಆದರೆ ಆ ಉಬ್ಬಸದಲ್ಲಿ ಸಾಮಾನ್ಯವಾಗಿ ಸುಯ್ ಸುಯ್ ಸದ್ದು, ನಸುಕಿನಲ್ಲಿ ಕೆಮ್ಮು, ಕೆಲಸಕ್ಕೆ ರಜಾ ಹಾಕಿದ ದಿನ ಆರಾಮ. ನಿಮ್ಮ ಅಮ್ಮ ಕೆಲಸ ಬಿಟ್ಟು ವರ್ಷಗಳಾಗಿವೆ, ಏದುಸಿರು ಶುರುವಾಗಿದ್ದು ಎರಡು ತಿಂಗಳ ಹಿಂದೆ. ಹಾಗಾಗಿ ಮೊದಲು ಹೃದಯ ನೋಡಿಸಿ ಅನ್ನುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕ್ಷಯ ಇದೆಯಾ ಅಂತ ಕಫ ಪರೀಕ್ಷೆಯನ್ನೂ ಮಾಡಿಸಬೇಕು.

ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಹಿಮೋಗ್ಲೋಬಿನ್, ಸಕ್ಕರೆ, ಎದೆಯ ಎಕ್ಸ್‌ರೇ ಆಗುತ್ತದೆ. ಸರ್ಕಾರದ ಹೃದಯ ಜ್ಯೋತಿ ಯೋಜನೆ ಇರುವ ಕಡೆ ಇಸಿಜಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ತಜ್ಞರಿಗೂ ಹೋಗುತ್ತದೆ. ಎಕೋಗೆ (ಹೃದಯದ ಸ್ಕ್ಯಾನಿಂಗ್) ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಬರೆದುಕೊಟ್ಟರೆ ಮುಂದೂಡಬೇಡಿ. ಇಸಿಜಿ ಸರಿ ಇದ್ದ ಮಾತ್ರಕ್ಕೆ ಪಂಪು ಸರಿ ಇದೆ ಅಂತಲ್ಲ.

ಕೂತಲ್ಲೇ ಉಸಿರಾಡಲು ಒದ್ದಾಟ, ತುಟಿ ನೀಲಿ, ತಣ್ಣನೆ ಬೆವರು, ಎದೆ ಹಿಡಿದಂತೆ ಆಗುವುದು, ಗೊಂದಲದ ಮಾತು, ಗುಲಾಬಿ ಬಣ್ಣದ ನೊರೆ ಕಫ, ಒಂದೇ ಕಾಲು ಊದಿಕೊಂಡು ಇದ್ದಕ್ಕಿದ್ದಂತೆ ದಮ್ಮು, ಇವಕ್ಕೆಲ್ಲ ನೇರ 108. ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಬರಬೇಡಿ. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿಯಲು ಆಗುವುದಿಲ್ಲ. ಗಾಡಿ ಬರುವವರೆಗೆ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಸುಧಾರಿಸಿಕೊಳ್ಳಲಿ ಅಂತ ಮಲಗಿಸಬೇಡಿ, ನೀರು ಕುಡಿಸಬೇಡಿ, ಸುತ್ತ ಜನ ಸೇರಿಸಬೇಡಿ. ಆಂಬುಲೆನ್ಸಿನಲ್ಲೂ ತಲೆ ಭಾಗ ಎತ್ತಿಡಲು ಹೇಳಿ.

ನಾಳೆ ಹೋಗುವಾಗ ಅಮ್ಮ ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿಗೆ ಹಾಕಿ ಕಳಿಸಿ, ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ತಂದ ಮಂಡಿನೋವಿನ ಮಾತ್ರೆಯೂ ಸೇರಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಎಷ್ಟೋ ಜನ ಅದನ್ನು ಔಷಧಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದೆ, ಕೇಳಿದರೆ "ಸಕ್ಕರೆ ಮಾತ್ರೆ ಒಂದೇ" ಅಂದುಬಿಡುತ್ತಾರೆ.