ಕಂಠಿ ಅವರಿಗೆ ಒಂದೇ ಸಾಲು ಯಾಕೆ?

ಓದುಗರ ಪತ್ರ: ‘ಹೋದ ಸಂಚಿಕೆಯಲ್ಲಿ ನಮ್ಮ ಭಾಗದ ಮುಖ್ಯಮಂತ್ರಿಗಳ ಬಗ್ಗೆ ಬರೆದಿದ್ದೀರಿ. ಜತ್ತಿ ಅವರಿಗೆ ಎರಡು ಪುಟ ಕೊಟ್ಟಿದ್ದೀರಿ. ಎಸ್.ಆರ್. ಕಂಠಿ ಅವರಿಗೆ ಒಂದೇ ಸಾಲು, ಅದೂ “ನಿಜಲಿಂಗಪ್ಪ ಬರುವವರೆಗೆ ಕುರ್ಚಿ ಕಾದವರು” ಅಂತ. ಅವರು ಇಷ್ಟೇನಾ? ಮೊಮ್ಮಗ ಅದನ್ನು ಓದಿ, “ಅಜ್ಜ, ಇವರೇನು ಮಾಡಿದ್ರು?” ಅಂತ ಕೇಳಿದ. ನನಗೆ ಸಿಟ್ಟೂ ಬಂತು, ಬೇಜಾರೂ ಆಯಿತು. ಕುರ್ಚಿ ಬಿಟ್ಟುಕೊಟ್ಟದ್ದು ದೊಡ್ಡ ಗುಣವೋ, ದುರ್ಬಲತನವೋ, ಅದನ್ನಾದರೂ ಹೇಳಿ.’ – ನಿವೃತ್ತ ಮಾಸ್ತರರು, ಹುನಗುಂದ ತಾಲ್ಲೂಕು

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಪತ್ರ ಕೈಗೆ ಬಂದ ದಿನವೇ ಆ ಸಂಚಿಕೆ ತೆಗೆದು ಮತ್ತೆ ಓದಿದೆ. ನೀವು ಬರೆದದ್ದು ಖರೆ. ಆ ಸಾಲು ಬರೆದದ್ದು ನಾನೇ. ಜಾಗ ಇರಲಿಲ್ಲ ಅಂತ ಹೇಳಬಹುದಿತ್ತು, ಆದರೆ ಅದು ಕಾರಣವಲ್ಲ. ಯಾರು ಎಷ್ಟು ದಿನ ಮುಖ್ಯಮಂತ್ರಿ ಆಗಿದ್ದರು ಅಂತ ನೋಡಿ ಅಷ್ಟಷ್ಟು ಜಾಗ ಹಂಚಿದೆ. ಕಂಠಿ ಅವರದ್ದು 1962ರ ಮಾರ್ಚ್ 14ರಿಂದ ಜೂನ್ 20ರವರೆಗೆ, ನೂರು ದಿನವೂ ತುಂಬಲಿಲ್ಲ. ಹಾಗಾಗಿ ಒಂದು ಸಾಲು. ಒಬ್ಬ ಮನುಷ್ಯನ ಕೆಲಸವನ್ನು ಕ್ಯಾಲೆಂಡರ್ ಹಿಡಿದು ಅಳೆದುಬಿಟ್ಟೆ. ತಪ್ಪಾಯಿತು. ನಿಮ್ಮ ಮೊಮ್ಮಗನಿಗೆ ಉತ್ತರ ಕೊಡೋದು ನನ್ನ ಕೆಲಸ, ಅದಕ್ಕೇ ಈ ಉದ್ದದ ಪತ್ರ.

ಮೊದಲು ಆ 1962ರ ಕಥೆ. ಅದನ್ನು ಅರ್ಧ ಮಾತ್ರ ಹೇಳೋದು ರೂಢಿ.

ಆ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ಪಕ್ಷದ ದೊಡ್ಡ ನಾಯಕ ನಿಜಲಿಂಗಪ್ಪ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿ ಎದುರು ಸೋತರು. ಅಲ್ಲಿಯವರೆಗೆ ಮುಖ್ಯಮಂತ್ರಿ ಆಗಿದ್ದವರು ಜಮಖಂಡಿಯ ಬಿ.ಡಿ. ಜತ್ತಿ. ಅವರ ನಂತರ ಕುರ್ಚಿಗೆ ಬಂದವರು ಹುನಗುಂದದ ಶಾಸಕ ಕಂಠಿ. ಇತ್ತ ಬಾಗಲಕೋಟೆಯಲ್ಲಿ ಗೆದ್ದಿದ್ದ ಬಿ.ಟಿ. ಮುರನಾಳ ತಮ್ಮ ಸ್ಥಾನ ಬಿಟ್ಟುಕೊಟ್ಟರು, ಉಪಚುನಾವಣೆ ಆಯಿತು, ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿ ಬಂದರು. ಕಂಠಿ ರಾಜೀನಾಮೆ ಕೊಟ್ಟರು.

ಈಗ ಇದನ್ನು ನಮ್ಮ ಜಿಲ್ಲೆಯ ನಕ್ಷೆ ಮುಂದಿಟ್ಟುಕೊಂಡು ನೋಡಿ. ಜಮಖಂಡಿ, ಹುನಗುಂದ, ಬಾಗಲಕೋಟೆ. ಒಂದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು, ಮೂವರೂ ಈಗಿನ ಬಾಗಲಕೋಟೆ ಜಿಲ್ಲೆಯ ಮೂರು ಕ್ಷೇತ್ರಗಳ ಶಾಸಕರು! ಆಗ ಇದೆಲ್ಲ ಬಿಜಾಪುರ ಜಿಲ್ಲೆ, ನಾವು ಬೇರೆ ಆದದ್ದು 1997ರಲ್ಲಿ. ನಮ್ಮ ಜನಕ್ಕೆ ಇಂಥ ಸಂಗತಿ ಗೊತ್ತಿಲ್ಲದಿದ್ದರೆ ಅದರಲ್ಲಿ ನಮ್ಮಂಥ ಪತ್ರಿಕೆಯವರ ಪಾಲು ಜಾಸ್ತಿ ಇದೆ.

ಇನ್ನು ನಿಮ್ಮ ಪ್ರಶ್ನೆ. ದೊಡ್ಡ ಗುಣವೋ, ದುರ್ಬಲತನವೋ?

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೊಸದುರ್ಗದ ಜನ ಬೇಡ ಅಂದವರಿಗೆ ಬೇರೆ ಊರಿನ ಸ್ಥಾನ ಖಾಲಿ ಮಾಡಿಸಿ ಕೊಟ್ಟದ್ದು ಸರೀನಾ ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಬಾಗಲಕೋಟೆ ಮತದಾರ ಮುರನಾಳರಿಗೆ ಅಂತ ಮತ ಹಾಕಿದ್ದ. ಅವನನ್ನು ಆ ಬಗ್ಗೆ ಮೊದಲು ಯಾರು ಕೇಳಿದರು? ಇದು ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಕೊಡೋದಿಲ್ಲ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಸಂವಿಧಾನದ 164ನೇ ವಿಧಿ ಪ್ರಕಾರ ಶಾಸಕರಲ್ಲದವರೂ ಆರು ತಿಂಗಳವರೆಗೆ ಮಂತ್ರಿ ಆಗಿರಬಹುದು. ಅಂದರೆ ಸೋತ ಮರುವಾರವೇ ನಿಜಲಿಂಗಪ್ಪ ಪ್ರಮಾಣವಚನ ತೆಗೆದುಕೊಂಡಿದ್ದರೂ ಕಾನೂನು ಅಡ್ಡ ಬರುತ್ತಿರಲಿಲ್ಲ. ಹಾಗಾಗಲಿಲ್ಲ. ಮೊದಲು ಜನರ ಮುಂದೆ ಹೋಗಿ, ಆರಿಸಿ ಬಂದು, ಆಮೇಲೆ ಕುರ್ಚಿ ಹತ್ತಿದರು. ಆ ನಡುವಿನ ಮೂರು ತಿಂಗಳು ಸರ್ಕಾರ ನಡೆಸೋಕೆ ಒಬ್ಬರು ಬೇಕಿತ್ತು. ಕುರ್ಚಿ ಮೇಲೆ ಕೂತ ಮೇಲೂ ಮಾತು ಉಳಿಸಿಕೊಳ್ಳುವ ಮನುಷ್ಯ ಬೇಕಿತ್ತು.

ಮೂರು ತಿಂಗಳು ಸಣ್ಣ ಅವಧಿಯಲ್ಲ ಮಾಸ್ತರರೇ. ಅಧಿಕಾರಿಗಳು ಕೈಯಲ್ಲಿರುತ್ತಾರೆ, ಶಾಸಕರು ಮನೆ ಬಾಗಿಲಿಗೆ ಬರುತ್ತಾರೆ, ‘ಸಾಹೇಬ್ರ, ನೀವೇ ಮುಂದುವರೀರಿ’ ಅನ್ನುವವರು ಯಾವ ಕಾಲದಲ್ಲೂ ಇರುತ್ತಾರೆ. ಇಷ್ಟೆಲ್ಲ ಇದ್ದಾಗಲೂ ಒಬ್ಬ ಮನುಷ್ಯ ಎದ್ದು ಬಂದ ಅಂದರೆ ಅವನನ್ನು ದುರ್ಬಲ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನನ್ನ ಮಟ್ಟಿಗೆ ಅದು ಗಟ್ಟಿತನ.

ಆದರೆ ಕಂಠಿ ಅಂದರೆ ಇದೊಂದೇ ಅಂತ ಹೇಳಿ ನಿಲ್ಲಿಸಿದರೆ ಮತ್ತೆ ಅದೇ ತಪ್ಪು ಮಾಡಿದ ಹಾಗೆ.

ಶಿವಲಿಂಗಪ್ಪ ರುದ್ರಪ್ಪ ಕಂಠಿ ಹುಟ್ಟಿದ್ದು 1908ರಲ್ಲಿ, ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸುಗಳು ಹಾದುಹೋಗುವ ಊರು. ವೃತ್ತಿಯಿಂದ ವಕೀಲರು. ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ ಅಲ್ಲಿನ ವಿಧಾನಸಭೆಯ ಉಪಸಭಾಧ್ಯಕ್ಷ ಆಗಿದ್ದರು. ಮರಾಠಿ, ಗುಜರಾತಿ, ಕನ್ನಡ ಮಾತಾಡುವ ಶಾಸಕರೆಲ್ಲ ಸೇರಿದ್ದ ಸಭೆ ಅದು. ಅಂಥ ಸಭೆಯನ್ನು ನಡೆಸಿದ ಅನುಭವ ಮುಂದೆ ನಮ್ಮ ರಾಜ್ಯಕ್ಕೆ ಬಂತು. ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಕೆಲಸ ಇದೇ, ಯಾರೂ ಜಾಸ್ತಿ ಮಾತಾಡದ ಕೆಲಸ.

1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಕೇಳೋಕೆ ಚೆಂದ. ಆದರೆ ಒಂದಾದ ಆ ಮನೆಯೊಳಗೆ ಹೇಗಿತ್ತು ಅಂತ ಯೋಚಿಸಿ. ನಮ್ಮ ಕಡೆ ಊರ ಲೆಕ್ಕ ಬರೆಯುವವನು ತಲಾಠಿ, ಹಳೇ ಮೈಸೂರಿನಲ್ಲಿ ಶಾನುಭೋಗ, ಹೈದರಾಬಾದ್ ಸೀಮೆಯಲ್ಲಿ ಪಟವಾರಿ. ನಾವು ಮಾಮಲೇದಾರ ಅಂದರೆ ಮೈಸೂರಿನವರು ಅಮಲ್ದಾರ ಅನ್ನುತ್ತಿದ್ದರು. ಕಂದಾಯದ ಕಾನೂನು ಬೇರೆ, ಗೇಣಿಯ ಕಾನೂನು ಬೇರೆ. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು, ಹೀಗೆ ಐದು ಕಡೆಯ ಆಡಳಿತ ನೋಡಿ ಬೆಳೆದ ಶಾಸಕರು ಒಂದೇ ಸೂರಿನಡಿ ಬಂದು ಕೂತರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಬೇಕು, ಅನುಮಾನ ಬೇರೆ ಇತ್ತು, ‘ಬೆಂಗಳೂರಿನವರು ನಮ್ಮನ್ನು ಕೇಳ್ತಾರೋ ಇಲ್ವೋ’ ಅಂತ. ಆ ಸಭೆಗೆ ಸಭಾಧ್ಯಕ್ಷ ಆಗಿ ಕೂತವರು ಕೆರೂರಿನ ಕಂಠಿ. 1956ರ ಡಿಸೆಂಬರ್‌ನಿಂದ 1962ರ ಮಾರ್ಚ್‌ವರೆಗೆ, ಐದು ವರ್ಷಕ್ಕೂ ಜಾಸ್ತಿ.

ಆ ಅವಧಿಯಲ್ಲೇ 1961ರಲ್ಲಿ ಮೈಸೂರು ಭೂಸುಧಾರಣಾ ಮಸೂದೆ ಪಾಸಾಯಿತು. ಅದರ ಬೇರು 1957ರ ಜತ್ತಿ ಸಮಿತಿಯಲ್ಲಿದೆ. ಬೇರೆ ಬೇರೆ ಸೀಮೆಯ ಗೇಣಿ ಕಾನೂನುಗಳನ್ನು ತೆಗೆದು ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡುವ ಕೆಲಸ. ಭೂಮಿ ಇದ್ದವರೂ ಸಭೆಯಲ್ಲಿದ್ದರು, ಗೇಣಿದಾರರ ಪರ ನಿಂತವರೂ ಇದ್ದರು. ಮುಖ್ಯಮಂತ್ರಿ ಜಾಗದಲ್ಲಿ ಜಮಖಂಡಿಯವರು, ಸಭಾಧ್ಯಕ್ಷರ ಪೀಠದಲ್ಲಿ ಹುನಗುಂದದವರು. ಆ ಕಾನೂನಿಗೆ ಹಲ್ಲು ಬಂದದ್ದು 1974ರ ತಿದ್ದುಪಡಿಯಿಂದ, ದೇವರಾಜ ಅರಸು ಕಾಲದಲ್ಲಿ, ಅದು ನಿಜ. ಆದರೆ ಅರಸು ತಿದ್ದಿದ್ದು ಇದೇ ಕಾನೂನನ್ನು. ಸಭಾಧ್ಯಕ್ಷರ ಕೆಲಸಕ್ಕೆ ಒಂದು ಕಷ್ಟ ಇದೆ: ಚೆನ್ನಾಗಿ ಮಾಡಿದರೆ ಅದು ಕಾಣೋದೇ ಇಲ್ಲ. ಯೋಜನೆಗೆ ಹೆಸರಿಲ್ಲ, ಶಂಕುಸ್ಥಾಪನೆಯ ಕಲ್ಲಿಲ್ಲ. ನಮ್ಮ ಸಂಚಿಕೆಯಲ್ಲಿ ಅದು ಬಿಟ್ಟುಹೋದದ್ದಕ್ಕೂ ಇದೇ ಕಾರಣ.

ಕಾಣುವ ಕೆಲಸವನ್ನೂ ಅವರು ಮಾಡಿದ್ದಾರೆ. ಮುಖ್ಯಮಂತ್ರಿ ಪದವಿ ಬಿಟ್ಟ ಮೇಲೆ ಅವರು ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ನಿಜಲಿಂಗಪ್ಪ ಅವರ ಸಂಪುಟದಲ್ಲೇ ಶಿಕ್ಷಣ ಮಂತ್ರಿ ಆದರು. ನಿನ್ನೆ ತಾನೇ ಕೂತಿದ್ದ ಕುರ್ಚಿಯ ಎದುರು ಕೂತು ಕೆಲಸ ಮಾಡೋದು ಎಷ್ಟು ಜನಕ್ಕೆ ಆಗುತ್ತೆ? ಮರುವರ್ಷ, 1963ರಲ್ಲಿ, ಬಿಜಾಪುರದಲ್ಲಿ ಸೈನಿಕ ಶಾಲೆ ಶುರುವಾಯಿತು. ದೇಶದಲ್ಲಿ ಸೈನಿಕ ಶಾಲೆಗಳು ಹುಟ್ಟಿದ್ದೇ 1961ರಲ್ಲಿ, ಸಾತಾರಾದಿಂದ. ಎರಡೇ ವರ್ಷದಲ್ಲಿ ಅಂಥ ಶಾಲೆ ನಮ್ಮ ಬರದ ಜಿಲ್ಲೆಗೆ ಬಂತು, ಬೆಂಗಳೂರಿಗಲ್ಲ, ಮೈಸೂರಿಗಲ್ಲ. ರಾಜ್ಯಕ್ಕೆ ಎರಡನೇ ಸೈನಿಕ ಶಾಲೆ ಕೊಡಗಿನಲ್ಲಿ ಆಗೋಕೆ 2007ರವರೆಗೆ ಕಾಯಬೇಕಾಯಿತು. ಬಿಜಾಪುರಕ್ಕೆ ಆ ಶಾಲೆ ತರೋದರಲ್ಲಿ ಕಂಠಿ ಅವರ ಪ್ರಯತ್ನ ದೊಡ್ಡದು.

ಆಮೇಲೆ ಕಿತ್ತೂರು. ರಾಣಿ ಚನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ, ಸೈನಿಕ ಶಾಲೆಯ ಮಾದರಿಯದ್ದು. ಅದರ ಹಿಂದೆಯೂ ಕಂಠಿ ಅವರೇ. ಗಂಡುಮಕ್ಕಳಿಗೆ ಮಾಡಿದ್ದನ್ನು ಹೆಣ್ಣುಮಕ್ಕಳಿಗೂ ಮಾಡಬೇಕು ಅಂತ 60ರ ದಶಕದಲ್ಲಿ ಹೊಳೆದದ್ದು ಸಣ್ಣ ಮಾತಲ್ಲ ಅಲ್ವಾ? ನಮ್ಮ ಹಳ್ಳಿಗಳಲ್ಲಿ ಆಗ ಹುಡುಗಿ ನಾಲ್ಕನೇ ಇಯತ್ತೆ ಮುಗಿಸಿದರೆ ಸಾಕು ಅನ್ನುವ ಕಾಲ. ಕುದುರೆ ಸವಾರಿ ಕಲಿಯುವ ಹುಡುಗಿಯರ ಶಾಲೆ ಒಂದನ್ನು ಆ ಕಾಲದಲ್ಲಿ ನೆನೆಸಿಕೊಳ್ಳೋದಕ್ಕೂ ಧೈರ್ಯ ಬೇಕು. ಶಾಲೆ ಆರಂಭವಾದದ್ದು 1969ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಠಿ ತೀರಿಕೊಂಡರು. ಅಲ್ಲಿ ಓದಿ ಹೊರಬಂದ ಹುಡುಗಿಯರನ್ನು ಅವರು ನೋಡಲೇ ಇಲ್ಲ.

ಹೋದ ವಾರ ವಿಜಯಪುರಕ್ಕೆ ಹೋಗಿದ್ದೆ. ಅಲ್ಲಿನ ಓಣಿಗಳಲ್ಲಿ ‘ಸೈನಿಕ, ಕಿತ್ತೂರು, ನವೋದಯ, ಮೊರಾರ್ಜಿ’ ಅಂತ ಬರೆದ ಕೋಚಿಂಗ್ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ಸಣ್ಣ ಮಕ್ಕಳು ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಬರುತ್ತಾರೆ, ಹೊರಗೆ ಅಪ್ಪಂದಿರು ಬೈಕ್ ಮೇಲೆ ಕಾಯುತ್ತಾ ಕೂತಿರುತ್ತಾರೆ. ಒಬ್ಬ ರೈತನನ್ನು ಮಾತಾಡಿಸಿದೆ. ಮಗಳನ್ನು ಕಿತ್ತೂರಿಗೆ ಕಳಿಸಬೇಕು ಅಂತ ಒಂದು ವರ್ಷದಿಂದ ಖೋಲಿ ಬಾಡಿಗೆ ಹಿಡಿದು ಇಲ್ಲೇ ಓದಿಸುತ್ತಿದ್ದಾನೆ. ಕಂಠಿ ಅವರ ಹೆಸರು ಕೇಳಿದ್ದೀಯಾ ಅಂದೆ. ‘ಇಲ್ರೀ’ ಅಂದ. ಅವನ ತಪ್ಪೇನಿದೆ? ಒಂದು ಸಾಲಿನಲ್ಲಿ ಮುಗಿಸಿದವನು ನಾನು.

ನಿಮ್ಮಲ್ಲಿ ಒಂದು ಕೋರಿಕೆ. 60ರ ದಶಕದ ಹುನಗುಂದದ ಚುನಾವಣೆಗಳನ್ನು ಕಣ್ಣಾರೆ ಕಂಡವರು ನಿಮ್ಮ ಊರ ಕಡೆ ಇನ್ನೂ ಇರಬಹುದು, ಬಿಜಾಪುರ ಮತ್ತು ಕಿತ್ತೂರು ಶಾಲೆಗಳ ಮೊದಲ ತಂಡಗಳಲ್ಲಿ ಓದಿದವರೂ ಇರಬಹುದು. ನೀವು ಸಿಕ್ಕವರನ್ನು ಮಾತಾಡಿಸಿ ಬರೆದು ಕಳಿಸಿ, ಎಷ್ಟು ಪುಟವಾದರೂ ಆಗಲಿ, ಹಾಕುತ್ತೇನೆ. ಮೊಮ್ಮಗನ ಪ್ರಶ್ನೆಯನ್ನೇ ಅದಕ್ಕೆ ತಲೆಬರಹ ಮಾಡೋಣ.

ಆ ಸಾಲನ್ನು ತಿದ್ದಿದ್ದೇನೆ. ಮುಂದಿನ ಸಂಚಿಕೆಯ ಪಟ್ಟಿಯಲ್ಲಿ ಹೀಗೆ ಬರುತ್ತದೆ: ‘ಎಸ್.ಆರ್. ಕಂಠಿ (1908–1969), ಕೆರೂರು. ಹುನಗುಂದದ ಶಾಸಕ, ಒಂದಾದ ರಾಜ್ಯದ ವಿಧಾನಸಭೆಯನ್ನು ಐದು ವರ್ಷ ನಡೆಸಿದ ಸಭಾಧ್ಯಕ್ಷ, 1962ರಲ್ಲಿ ಮುಖ್ಯಮಂತ್ರಿ, ಆಮೇಲೆ ಶಿಕ್ಷಣ ಮಂತ್ರಿ. ಬಿಜಾಪುರದ ಸೈನಿಕ ಶಾಲೆ, ಕಿತ್ತೂರಿನ ಹೆಣ್ಣುಮಕ್ಕಳ ಶಾಲೆ ಇವರ ಕಾಲದವು.’

– ಸಂಪಾದಕ, ಬಾಗಲಕೋಟೆ